ಗುಲ್ಯಪ್ಪನ ಭಾವ ಯಾವ ತಿಮ್ಮಣ್ಣ?

ಹೊಳಲ್ಕೆರೆಯ ಬಯಲು ಗಣಪತಿಯನ್ನು ಮಾಡಿಸಿದವರು ಯಾರೆಂದರೆ ಊರು ಕೊಡುವ ಉತ್ತರ ಒಂದೇ: ಗುಲ್ಯಪ್ಪ ನಾಯಕ. ಯಾವ ಗುಲ್ಯಪ್ಪ ನಾಯಕ? ಚಿತ್ರದುರ್ಗದ ಮತ್ತಿ ತಿಮ್ಮಣ್ಣ ನಾಯಕನ ಬಾಮೈದ. ಯಾವ ಕಾಲದವನು? 1475ರವನು. ಮೂರು ಉತ್ತರಗಳೂ ಒಂದೇ ಉಸಿರಿನಲ್ಲಿ ಬರುತ್ತವೆ, ಪ್ರವಾಸಿ ಪುಸ್ತಕಗಳಲ್ಲೂ ಹಾಗೇ ಅಚ್ಚಾಗಿವೆ. ಬಿಡಿಬಿಡಿಯಾಗಿ ನೋಡಿದರೆ ಒಂದೊಂದನ್ನೂ ನಂಬಬಹುದು, ಮೂರನ್ನೂ ಒಟ್ಟಿಗೆ ನಂಬಲು ಬರುವುದಿಲ್ಲ. ಮತ್ತಿ ತಿಮ್ಮಣ್ಣ ನಾಯಕನ ಆಳ್ವಿಕೆ ದುರ್ಗದಲ್ಲಿ ಶುರುವಾದದ್ದು 1568ರ ಹೊತ್ತಿಗೆ ಎಂಬುದು ಇತಿಹಾಸಕಾರರು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ತಾಳಿಕೋಟೆಯಲ್ಲಿ ವಿಜಯನಗರ ಮುರಿದುಬಿದ್ದು ಆಗಿನ್ನೂ ಮೂರೇ ವರ್ಷ. ಹಾಗಿದ್ದಲ್ಲಿ ಬಾಮೈದ ಗಣಪತಿಯನ್ನು ಕೂರಿಸಿ 93 ವರ್ಷ ಕಳೆದ ಮೇಲೆ ಭಾವ ಪಟ್ಟಕ್ಕೆ ಬಂದಂತಾಯಿತು. ಇಂಥ ಕಡೆ ಇತಿಹಾಸ ಬಲ್ಲವರು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾರೆ: ತಾರೀಖನ್ನು ತಿದ್ದುತ್ತಾರೆ, ಇಲ್ಲವೇ ನಂಟನ್ನು ಕಟ್ಟುಕಥೆ ಎಂದು ತಳ್ಳಿಹಾಕುತ್ತಾರೆ. ಎರಡೂ ಅವಸರದ ಕೆಲಸ. ಒಂದು ಮನೆತನ ತನ್ನ ಮೂಲವನ್ನು ನೆನಪಿಡುವಾಗ ಯಾವುದನ್ನು ಮರೆಯುತ್ತದೆ, ಯಾವುದನ್ನು ಮರೆಯುವುದಿಲ್ಲ ಎಂದು ತಿಳಿಯಲು ಈ 93 ವರ್ಷದ ಬಿರುಕೇ ಒಳ್ಳೆಯ ಕಿಂಡಿ. ದುರ್ಗದ ಕಾಮಗೇತಿ ವಂಶದವರು ತಮ್ಮ ಹಿರಿಯರ ಬಗ್ಗೆ ಹೇಳಿಕೊಂಡು ಬಂದದ್ದರಲ್ಲಿ ಕಾಲದ ಲೆಕ್ಕ ಎಲ್ಲೆಲ್ಲೂ ಜಾರಿದೆ. ಅವರು ನಡೆದು ಬಂದ ದಾರಿಯ ನೆನಪು ಮಾತ್ರ ಅಷ್ಟಾಗಿ ಜಾರಿಲ್ಲ.

ಆ ದಾರಿ ಯಾವುದು? ಬಿ.ಎಲ್. ರೈಸ್ ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ದಾಖಲಿಸಿರುವ ಪರಂಪರೆ ಸ್ಥೂಲವಾಗಿ ಹೀಗಿದೆ. ಬೇಡ ಅಥವಾ ಬೋಯ ಕುಲದ ಈ ಜನ ತಿರುಪತಿಯ ಆಸುಪಾಸಿನವರು, ವಾಲ್ಮೀಕಿಯನ್ನು ಮೂಲಪುರುಷ ಎಂದು ಹೇಳಿಕೊಳ್ಳುವವರು. ಕುಟುಂಬಸಮೇತ ಪಡುವಣಕ್ಕೆ ಹೊರಟು ಬಂದು ಈಗಿನ ದಾವಣಗೆರೆ ಸೀಮೆಯ ನೀರ್ಥಡಿಯಲ್ಲಿ ನೆಲೆಯಾದರು. ಅವರಲ್ಲೊಬ್ಬನಾದ ತಿಮ್ಮಣ್ಣ ವಿಜಯನಗರದ ಅರಸರಿಂದ ಮೊದಲು ಹೊಳಲ್ಕೆರೆಗೆ ನಾಯಕನಾದ, ಆಮೇಲೆ ಹಿರಿಯೂರು ಸಿಕ್ಕಿತು, ಕೊನೆಗೆ ಚಿತ್ರದುರ್ಗ. ಅವನ ಹೆಸರಿನ ಹಿಂದಿರುವ ‘ಮತ್ತಿ’ ದಾವಣಗೆರೆ ತಾಲ್ಲೂಕಿನ ಒಂದು ಹಳ್ಳಿ. ದುರ್ಗದ ದೊರೆ ಎಂದೊಡನೆ ನಮ್ಮ ಕಣ್ಣು ಏಳು ಸುತ್ತಿನ ಕೋಟೆಯ ಕಡೆಗೇ ಹೋಗುತ್ತದೆ. ಆದರೆ ಈ ಮನೆತನದ ರಾಜಕೀಯ ಹುಟ್ಟಿದ್ದು ಬಂಡೆಯ ಮೇಲಲ್ಲ, ಹೊಳಲ್ಕೆರೆಯ ಬಯಲಿನಲ್ಲಿ. ಇಂದು ಈ ಮಾತನ್ನು ಹೊಳಲ್ಕೆರೆಯವರೇ ಹೆಚ್ಚು ಹೇಳಿಕೊಳ್ಳುವುದಿಲ್ಲ ಎನ್ನುವುದು ಬೇರೆ ವಿಷಯ.

ತಿಮ್ಮಣ್ಣನ ಬಗ್ಗೆ ಉಳಿದಿರುವ ಕಥೆಗಳಲ್ಲಿ ಒಂದು ಎಂಥವರನ್ನೂ ಹಿಡಿದು ನಿಲ್ಲಿಸುತ್ತದೆ. ಅವನ ಪುಂಡಾಟವನ್ನು ಅಡಗಿಸಲು ಸಾಳುವ ನರಸಿಂಗರಾಯ ದಂಡೆತ್ತಿ ಬಂದು ಬೀಡುಬಿಟ್ಟಿದ್ದ. ರಾತ್ರಿ ತಿಮ್ಮಣ್ಣ ಒಬ್ಬನೇ ಆ ಬೀಡಿನೊಳಗೆ ನುಸುಳಿದ, ರಾಯನ ಕುದುರೆಯನ್ನೇ ಕದಿಯಬೇಕೆಂದು. ಸದ್ದಾಯಿತು, ಕುದುರೆ ಕಾಯುವವನು ಎದ್ದ. ತಿಮ್ಮಣ್ಣ ಕುದುರೆಯ ಕಾಲಡಿಯ ಹುಲ್ಲಿನಲ್ಲಿ ಹುದುಗಿಕೊಂಡ. ಕಿತ್ತುಬಂದಿದ್ದ ಗೂಟವನ್ನು ಕಾವಲಿನವನು ಕತ್ತಲಲ್ಲೇ ಮತ್ತೆ ಹೊಡೆದು ನೆಟ್ಟ. ಗೂಟ ಇಳಿದದ್ದು ಹುಲ್ಲಿನಡಿ ಚಾಚಿದ್ದ ತಿಮ್ಮಣ್ಣನ ಅಂಗೈಯ ಮೇಲೆ. ಅವನು ತುಟಿ ಪಿಟಕ್ಕೆನ್ನಲಿಲ್ಲ. ಕಾವಲಿನವನು ಮಲಗಿದ ಮೇಲೆ ಸಿಕ್ಕಿಕೊಂಡ ಕೈಯನ್ನು ತಾನೇ ಕತ್ತರಿಸಿ ಬಿಡಿಸಿಕೊಂಡು, ಕುದುರೆಯ ಸಮೇತ ಮನೆ ಸೇರಿದ. ಇಂಥವನೊಡನೆ ಕಾದಾಡುವುದಕ್ಕಿಂತ ಇವನನ್ನು ಹತ್ತಿರ ಇಟ್ಟುಕೊಳ್ಳುವುದು ಲೇಸೆಂದು ರಾಯ ಸಂಧಿ ಮಾಡಿಕೊಂಡ, ರಾಜಧಾನಿಗೆ ಕರೆಸಿ ಮನ್ನಣೆ ಮಾಡಿದ. ಮುಂದೆ ಅಲ್ಲೇ ಅವಕೃಪೆಗೆ ಒಳಗಾಗಿ, ಸೆರೆಯಲ್ಲೇ ತಿಮ್ಮಣ್ಣ ತೀರಿಕೊಂಡ ಎನ್ನುವಲ್ಲಿಗೆ ಕಥೆ ಮುಗಿಯುತ್ತದೆ. ವಂಶದ ಹೊಗಳಿಕೆಗೆಂದೇ ಕಟ್ಟಿದ ಕಥೆಯಾದರೆ ಮೂಲಪುರುಷ ಕುದುರೆಗಳ್ಳನಾಗಿ ಕೈ ಕಳೆದುಕೊಂಡು ಸೆರೆಮನೆಯಲ್ಲಿ ಸಾಯುತ್ತಿರಲಿಲ್ಲ. ಅದಿರಲಿ, ಇಲ್ಲಿ ನಮಗೆ ಬೇಕಾದ ವಿಷಯ ಬೇರೆ. ಈ ನರಸಿಂಗರಾಯ, ಅಂದರೆ ಸಾಳುವ ನರಸಿಂಹ, ವಿಜಯನಗರದ ಗದ್ದುಗೆ ಏರಿದ್ದು 1485ರಲ್ಲಿ, ತೀರಿಕೊಂಡದ್ದು 1491ರಲ್ಲಿ. 1568ರ ತಿಮ್ಮಣ್ಣ ಅವನ ಕುದುರೆ ಕದ್ದಿರಲು ಸಾಧ್ಯವೇ ಇಲ್ಲ. ಮತ್ತೆ ಅದೇ ಬಿರುಕು, ಹೆಚ್ಚುಕಡಿಮೆ ಅಷ್ಟೇ ಅಗಲ. ಒಂದು ಕಥೆ ಹೊಳಲ್ಕೆರೆಯ ಗಣಪತಿಯದು, ಇನ್ನೊಂದು ದಂಡಿನ ಬೀಡಿನ ಗೂಟದ್ದು. ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡೂ ಒಬ್ಬ ತಿಮ್ಮಣ್ಣನನ್ನು 1470–80ರ ದಶಕಗಳಿಗೆ ಎಳೆದೊಯ್ಯುತ್ತವೆ ಎಂದರೆ ಎರಡೂ ಸುಳ್ಳು ಎಂದು ಕೈತೊಳೆದುಕೊಳ್ಳುವುದು ಸುಲಭವಲ್ಲ.

ತಾರೀಖುಗಳು ಹೇಗೆ ಜಾರುತ್ತವೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಳ್ಳಿಯ ನೆನಪಿನಲ್ಲಿ ಶಕವರ್ಷ ಉಳಿಯುವುದಿಲ್ಲ, ಸಂವತ್ಸರ ಉಳಿಯುತ್ತದೆ. ‘ಧಾತು ಸಂವತ್ಸರದ ಬರ’ ಎನ್ನುತ್ತಾರೆಯೇ ಹೊರತು 1876ರ ಬರ ಎನ್ನುವುದಿಲ್ಲ. ಆದರೆ ಸಂವತ್ಸರದ ಚಕ್ರ ಅರವತ್ತು ವರ್ಷಕ್ಕೊಮ್ಮೆ ಹೊರಳಿ ಮತ್ತೆ ಅದೇ ಹೆಸರಿಗೆ ಬರುತ್ತದೆ. 1475–76 ಮನ್ಮಥ ಸಂವತ್ಸರ. ಅದೇ ಮನ್ಮಥ 1535ರಲ್ಲಿ ಬಂದಿತ್ತು, 1595ರಲ್ಲಿ ಮತ್ತೆ ಬಂತು. ಬರಿಯ ಸಂವತ್ಸರದ ಹೆಸರನ್ನು ಹಿಡಿದುಕೊಂಡ ನೆನಪನ್ನು ಮುಂದೊಂದು ದಿನ ಯಾರಾದರೂ ಇಸವಿಗೆ ಇಳಿಸಲು ಕೂತರೆ ಒಂದು ಸುತ್ತು ಹೆಚ್ಚಾಗಬಹುದು, ಕಡಿಮೆಯಾಗಬಹುದು. ಗಣಪತಿಯ ವಿಷಯದಲ್ಲಿ ಹೀಗೇ ಆಯಿತೆಂದು ನಾನು ಹೇಳುತ್ತಿಲ್ಲ. ಅರವತ್ತು ಅಥವಾ ನೂರಿಪ್ಪತ್ತು ವರ್ಷದ ತಪ್ಪು ನಮ್ಮ ಕಾಲಗಣನೆಯ ಹೊಟ್ಟೆಯೊಳಗೇ ಇದೆ, ಅದಕ್ಕೆ ಯಾರೂ ಸುಳ್ಳು ಹೇಳಬೇಕಾಗಿಲ್ಲ ಎಂದಷ್ಟೇ ನನ್ನ ಮಾತು. ಜಾರುವ ಇನ್ನೊಂದು ಜಾಗ ಹೆಸರುಗಳದು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಪಟ್ಟಿ ಬಲುಬೇಗ ಕಲಸಿಹೋಗುತ್ತದೆ. ದುರ್ಗದ ಹದಿಮೂರು ನಾಯಕರ ಪಟ್ಟಿಯನ್ನೇ ನೋಡಿ: ಮದಕರಿ, ಮದಕರಿ, ಮದಕರಿ; ರಂಗಪ್ಪ, ರಂಗಪ್ಪ; ಓಬಣ್ಣ, ಮತ್ತೆ ಓಬಣ್ಣ. ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡಲು ಕಸ್ತೂರಿ, ದೊಣ್ಣೆ, ಹಿರಿ, ಬಿಚ್ಚುಗತ್ತಿ ಎಂಬ ಅಡ್ಡಹೆಸರುಗಳು ಬೇಕಾದವು. ಶಾಸನಗಳಿರುವ ಕಾಲದಲ್ಲೇ ಹೀಗಾದರೆ, ಅದಕ್ಕೂ ಹಿಂದಿನ ನೂರು ವರ್ಷದಲ್ಲಿ ಇಬ್ಬರು ತಿಮ್ಮಣ್ಣರಿದ್ದು ನೆನಪಿನಲ್ಲಿ ಒಬ್ಬನೇ ಆಗಿದ್ದರೆ ಅಚ್ಚರಿಯೇನಿಲ್ಲ. ಹಿರಿಯ ತಿಮ್ಮಣ್ಣನ ಪ್ರತಾಪ ಕಿರಿಯನ ಲೆಕ್ಕಕ್ಕೆ ಜಮಾ ಆಗುತ್ತದೆ, ಏಕೆಂದರೆ ಕೋಟೆ ಕೈಸೇರಿದ್ದು ಕಿರಿಯನಿಗೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ತಾರೀಖೇ ನಿಲ್ಲದ ವಂಶಾವಳಿಯನ್ನು ಚರಿತ್ರೆ ಎನ್ನುವುದಾದರೂ ಹೇಗೆ? ವಂಶದ ಬೇರು ಹುಡುಕುವುದನ್ನೇ ಒಂದು ಶಿಸ್ತಾಗಿ ಬೆಳೆಸಿದ ದೇಶ ಅಮೆರಿಕ. 1620ರಲ್ಲಿ 102 ಪ್ರಯಾಣಿಕರನ್ನು ಹೊತ್ತು ಪ್ಲಿಮತ್ ಕಡಲತಡಿಗೆ ಹೋದ ಮೇಫ್ಲವರ್ ಹಡಗಿನ ವಂಶಸ್ಥರೆಂದು ಹೇಳಿಕೊಳ್ಳುವವರು 1897ರಲ್ಲಿ ಒಂದು ಸಂಘವನ್ನೇ ಕಟ್ಟಿದರು. ಅದರ ಸದಸ್ಯತ್ವ ಬೇಕೆಂದರೆ ತನ್ನಿಂದ ಹಿಡಿದು ಹಡಗಿನಲ್ಲಿದ್ದವನವರೆಗೆ ಪ್ರತಿ ತಲೆಮಾರಿನ ಹುಟ್ಟು, ಮದುವೆ, ಸಾವುಗಳಿಗೆ ದಾಖಲೆ ಒಪ್ಪಿಸಬೇಕು. ಒಂದು ಕೊಂಡಿ ಕಳಚಿದರೂ ಅರ್ಜಿ ಬಿದ್ದುಹೋಗುತ್ತದೆ. ಆ ಅಳತೆಗೋಲಿನಲ್ಲಿ ಅಳೆದರೆ ಕಾಮಗೇತಿಗಳ ವಂಶಾವಳಿ ತಿಮ್ಮಣ್ಣನಿಂದ ಆಚೆಗೆ ಒಂದು ಹೆಜ್ಜೆಯೂ ಹೋಗುವುದಿಲ್ಲ, ಒಪ್ಪುತ್ತೇನೆ. ಆದರೆ ಆ ಅಳತೆಗೋಲು ಎಲ್ಲಿಂದ ಬಂತು ಎಂಬುದನ್ನೂ ಗಮನಿಸಬೇಕು. ಪ್ಲಿಮತ್ ವಸಾಹತಿನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ಹಡಗಿನಲ್ಲಿ ಬಂದವರ ಪಟ್ಟಿಯನ್ನು ತನ್ನ ಕೈಯಾರೆ ಬರೆದಿಟ್ಟ. ಆ ಹಸ್ತಪ್ರತಿ ಕಾಣೆಯಾಗಿ, 1855ರ ಹೊತ್ತಿಗೆ ಲಂಡನ್ ಬಿಷಪ್ಪನ ಗ್ರಂಥಾಲಯದಲ್ಲಿ ಪತ್ತೆಯಾಯಿತು. ಒಂದು ಹಡಗು, ಒಂದು ದಿನ, ಒಂದು ಪಟ್ಟಿ. ನಮ್ಮ ವಲಸೆ ಅಂಥದ್ದಲ್ಲ. ಅದು ಹಡಗು ಹತ್ತಿ ಇಳಿದ ವಲಸೆಯಲ್ಲ, ದನದ ಮಂದೆಯ ಹಿಂದೆ ಹುಲ್ಲು ನೀರು ಹುಡುಕಿಕೊಂಡು ತಲೆಮಾರುಗಟ್ಟಲೆ ನಡೆದದ್ದು. ಅದಕ್ಕೆ ಹೊರಟ ದಿನವಿಲ್ಲ, ತಲುಪಿದ ದಿನವೂ ಇಲ್ಲ. ಹಟ್ಟಿ ಹಾಕಿದ ಜಾಗಗಳಿವೆ, ಅಷ್ಟೇ. ತಾರೀಖೇ ಇಲ್ಲದ ನಡಿಗೆಗೆ ತಾರೀಖಿನ ಪುರಾವೆ ಕೇಳಿದರೆ ಅದು ಕೇಳಿದವರ ತಪ್ಪು. ಹಡಗಿನ ಪಟ್ಟಿ ಕೈಯಲ್ಲಿದ್ದ ಅಮೆರಿಕದಲ್ಲೇ ಗುಸ್ತಾವ್ ಆಂಜು ಎಂಬಾತ ಹಣವಂತರ ಮನೆಗಳಿಗೆ ಸುಳ್ಳು ವಂಶವೃಕ್ಷ ಹೆಣೆದುಕೊಟ್ಟೇ ಬಾಳಿದ. ಇದ್ದ ದಾಖಲೆ ಅದನ್ನು ತಡೆಯಲಿಲ್ಲ.

ಹಾಗಾದರೆ ತಾರೀಖು ಕೊಡಲಾರದ ನೆನಪು ಏನನ್ನು ಕೊಡುತ್ತದೆ? ಮನೆ ಮನೆಗೆ ಎತ್ತಿನ ಮೇಲೆ ಬಂದು ವಂಶ ಹೇಳುವ ಹೆಳವರ ಕ್ರಮ ಇಲ್ಲಿ ದಾರಿ ತೋರಿಸುತ್ತದೆ. ಹೆಳವ ಬಾಯಿ ತೆರೆದರೆ ಇಸವಿಯಿಂದ ಶುರುಮಾಡುವುದಿಲ್ಲ. ಮೂಲ ಊರು ಯಾವುದು, ಅಲ್ಲಿಂದ ಯಾವ ಊರಿಗೆ ಬಂದಿರಿ, ಮನೆದೇವರು ಯಾರು, ಬೆಡಗು ಯಾವುದು, ಆಮೇಲೆ ಹೆಸರುಗಳು. ಈ ಕ್ರಮವನ್ನೇ ಹಿಡಿದು ದುರ್ಗದ ಪಟ್ಟಿಯನ್ನು ಓದಿದರೆ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮೊದಲ ಮೂವರು ನಾಯಕರು ಯಾರು? ತಿಮ್ಮಣ್ಣ, ಅವನ ಮಗ ಓಬಣ್ಣ, ಆಮೇಲೆ ಕಸ್ತೂರಿ ರಂಗಪ್ಪ. ತಿಮ್ಮಣ್ಣ ಎಂದರೆ ತಿರುಮಲೆಯ ತಿಮ್ಮಪ್ಪ. ಓಬಣ್ಣ ಎಂದರೆ ಅಹೋಬಲದ ನರಸಿಂಹ. ಅಹೋಬಲ ಜನರ ಬಾಯಲ್ಲಿ ಓಬಳ, ಓಬಳೇಶನಾಗಿ ಓಬಣ್ಣ, ಓಬಯ್ಯ, ಓಬವ್ವ ಆಯಿತು. ರಂಗಪ್ಪ ಎಂದರೆ ನೀರ್ಥಡಿಯ ರಂಗನಾಥ. ತಿರುಪತಿ, ಅಲ್ಲಿಂದ ವಾಯವ್ಯಕ್ಕೆ ನಲ್ಲಮಲೆಯ ಅಹೋಬಲ, ಅಲ್ಲಿಂದ ಪಡುವಣಕ್ಕೆ ನೀರ್ಥಡಿ. ಪರಂಪರೆ ಹೇಳುವ ದಾರಿಯೂ ಇದೇ ದಿಕ್ಕಿನದು. ಹೆಸರುಗಳ ಅನುಕ್ರಮವೂ ಹಾಗೇ ಕೂಡಿಬಂದಿರುವುದು ಆಕಸ್ಮಿಕವಿರಬಹುದು, ಅದಕ್ಕೆ ಹೆಚ್ಚು ಭಾರ ಹೊರಿಸುವುದು ಬೇಡ. ಆದರೆ ಹಡಗಿನ ಪಟ್ಟಿಯಿಲ್ಲದ ಈ ಜನ ಹಟ್ಟಿ ಹಾಕಿದ ಜಾಗಗಳನ್ನು ಮಕ್ಕಳ ಹೆಸರಿನಲ್ಲಿ ಬರೆದಿಟ್ಟುಕೊಂಡಿದ್ದಾರೆ ಎನ್ನಲು ಅಡ್ಡಿಯಿಲ್ಲ. ನೆಲೆ ಗಟ್ಟಿಯಾದ ಮೇಲೆ ಬಂದ ಹೆಸರುಗಳನ್ನೂ ನೋಡಿ: ಚಿಕ್ಕಣ್ಣ, ಲಿಂಗಣ್ಣ, ಭರಮಣ್ಣ. ಲಿಂಗಣ್ಣ ಎಂಬ ಹೆಸರಿನ ಹಿಂದೆ ದುರ್ಗದ ವೀರಶೈವ ಮುರುಘಾ ಮಠದ ಸೀಮೆಯ ಗಾಳಿಯಿದೆ. ಭರಮಣ್ಣ ನಾಯಕನಂತೂ ಆ ಮಠದ ಶಾಂತವೀರ ಸ್ವಾಮಿಗಳಿಗೆ ನಡೆದುಕೊಂಡವನು. ಹೊಸದುರ್ಗದ ಕೋಟೆಯನ್ನು ಕಟ್ಟಿಸಿದವನು ಚಿಕ್ಕಣ್ಣ ನಾಯಕ. ಆ ಹೊತ್ತಿಗೆ ಊರಿಗೇ ಹೊಸ ಹೆಸರು ಬರುವ ಮಟ್ಟಕ್ಕೆ ಇವರು ಈ ನೆಲದವರಾಗಿದ್ದರು.

ಮದಕರಿ ಎಂಬ ಹೆಸರಿನ ಕಥೆಯನ್ನೂ ಇಲ್ಲಿ ಹೇಳಿಬಿಡಬೇಕು. ಮದಿಸಿದ ಆನೆಯನ್ನು ಪಳಗಿಸಿದ್ದರಿಂದ ಮದಕರಿ ಎಂದು ನಾಟಕಗಳೂ ಸಿನಿಮಾಗಳೂ ಹೇಳಿಕೊಟ್ಟಿವೆ. ಶಾಸನಗಳಲ್ಲಿ ಕಾಣುವ ರೂಪ ‘ಮೆದಕೇರಿ’. ಸಂಸ್ಕೃತದ ಮದವೂ ಇಲ್ಲ, ಕರಿಯೂ ಇಲ್ಲ. ವಂಶ ದೊಡ್ಡದಾದಂತೆ ಹೆಸರಿಗೂ ಬಣ್ಣ ಬಳಿದರು. ಇದು ನನ್ನ ವಾದಕ್ಕೆ ವಿರುದ್ಧವಾದ ಸಾಕ್ಷಿಯಂತೆ ತೋರಬಹುದು: ಹೆಸರನ್ನೇ ತಿದ್ದುವವರು ಮೂಲದ ಕಥೆಯನ್ನು ತಿದ್ದದೆ ಬಿಟ್ಟಾರೆಯೇ? ತಿರುಪತಿಯೆಂದರೆ ಯಾರಿಗೆ ತಾನೇ ಹೆಮ್ಮೆಯಿಲ್ಲ? ಮೇಫ್ಲವರಿನ ಮೇಲೆ ಹಕ್ಕು ಸಾಧಿಸುವವರಂತೆ ಇವರೂ ದೊಡ್ಡ ಕ್ಷೇತ್ರವೊಂದನ್ನು ಹಿಡಿದುಕೊಂಡಿರಬಾರದೇಕೆ? ಆಕ್ಷೇಪಕ್ಕೆ ಬಲವಿದೆ. ಈ ವಂಶಾವಳಿಗಳ ಬರಹದ ರೂಪ ನಮಗೆ ಸಿಗುವ ಕಾಲವೂ ಅನುಮಾನ ಹುಟ್ಟಿಸುವಂಥದ್ದೇ. 1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷ್ ಸರ್ವೇಕ್ಷಕ ಕಾಲಿನ್ ಮೆಕೆಂಜಿಯ ಜನ ಊರೂರಿಗೆ ಹೋಗಿ ಕೈಫಿಯತ್ತುಗಳನ್ನು, ಅಂದರೆ ಊರು ಮನೆತನಗಳ ವೃತ್ತಾಂತಗಳನ್ನು, ಬರೆಸಿಕೊಂಡರು. ಪಾಳೆಯಪಟ್ಟು ಕಳೆದುಕೊಂಡ ಮನೆತನಗಳಿಗೆ ಹೊಸ ಸರ್ಕಾರದೆದುರು ತಮ್ಮ ಹಿರಿತನ ಹೇಳಿಕೊಳ್ಳಲು ಕಾರಣ ಧಾರಾಳವಾಗಿತ್ತು. ಅಂಥ ಹೊತ್ತಿನಲ್ಲಿ ವಂಶ ಹಿಂದಕ್ಕೆ ಬೆಳೆಯುತ್ತದೆ. ತಿಮ್ಮಣ್ಣನನ್ನು ಸಾಳುವ ದೊರೆಯ ಸಮಕಾಲೀನ ಮಾಡಿದರೆ ವಂಶಕ್ಕೆ ನೂರು ವರ್ಷದ ಘನತೆ ಪುಕ್ಕಟೆಯಾಗಿ ಸೇರುತ್ತದೆ. ಇಷ್ಟನ್ನೂ ಒಪ್ಪಿದ ಮೇಲೂ ಉಳಿಯುವ ಪ್ರಶ್ನೆಯೊಂದಿದೆ. ಘನತೆಯೇ ಗುರಿಯಾಗಿದ್ದರೆ ನೀರ್ಥಡಿ, ಮತ್ತಿಯಂಥ ಸಣ್ಣ ಹಳ್ಳಿಗಳು ಕಥೆಯಲ್ಲಿ ಏಕೆ ಉಳಿದವು? ತಿರುಪತಿಯಿಂದ ನೇರವಾಗಿ ಹಂಪಿಗೆ ಬಂದು ರಾಯನ ಆಸ್ಥಾನದಲ್ಲಿ ನಿಂತೆವು ಎಂದರೆ ಸಾಕಿತ್ತು. ಯಾರಿಗೂ ಹೆಮ್ಮೆ ತರದ ಹಳ್ಳಿಯ ಹೆಸರನ್ನು ದೊರೆ ತನ್ನ ಹೆಸರಿನ ಹಿಂದೆಯೇ ಕಟ್ಟಿಕೊಂಡು ಓಡಾಡಿದ ಎಂದರೆ ಆ ಹಳ್ಳಿಯನ್ನು ಕಲ್ಪಿಸಿಕೊಂಡದ್ದು ಎನ್ನಲಾಗದು. ಸಾಳುವ ನರಸಿಂಹನೂ ದೂರದವನಲ್ಲ. ಪಟ್ಟಕ್ಕೆ ಬರುವ ಮುಂಚೆ ಅವನ ನೆಲೆ ಚಂದ್ರಗಿರಿ. ಚಂದ್ರಗಿರಿ ಇರುವುದು ತಿರುಪತಿಯ ಮಗ್ಗುಲಲ್ಲೇ. ಕುದುರೆ ಕದ್ದದ್ದು 1568ರ ತಿಮ್ಮಣ್ಣನಲ್ಲ, ಸರಿ. ಆದರೆ ಆ ವಂಶದ ಹಳೆಯ ನೆನಪೊಂದರಲ್ಲಿ ಚಂದ್ರಗಿರಿಯ ದೊರೆ ಬಂದು ಕೂತಿರುವುದು ಅವರು ಹೊರಟ ನಾಡನ್ನೇ ತೋರಿಸುತ್ತದೆ. ಕಾಲ ತಪ್ಪಿದ ಕಥೆಯೂ ದಿಕ್ಕು ತಪ್ಪಿಲ್ಲ.

ಇದಕ್ಕಿಂತ ಕಷ್ಟದ ಆಕ್ಷೇಪ ಇನ್ನೊಂದಿದೆ. ದೇವರು ನಡೆದು ಬರಲು ಜನ ನಡೆಯಬೇಕಿಲ್ಲ. ಅಹೋಬಲದ ನರಸಿಂಹ ಚೆಂಚು ಬೇಡರ ಹುಡುಗಿಯನ್ನು ಮದುವೆಯಾದವನು, ಬೇಟೆಯ ಕುಲಗಳಿಗೆ ಅಳಿಯ. ಇಂಥ ದೇವರನ್ನು ವಿಜಯನಗರದ ಕಾಲದಲ್ಲಿ ಶ್ರೀವೈಷ್ಣವ ಗುರುಗಳು ಊರೂರಿಗೆ ತಲುಪಿಸಿದರು. ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ಬೇಡ ಪಡೆಗಳು ಅವನಿಗೆ ಒಕ್ಕಲಾಗಿ ಮಕ್ಕಳಿಗೆ ಓಬಣ್ಣನೆಂದು ಹೆಸರಿಟ್ಟಿರಬಹುದಲ್ಲ? ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವರಪುರದಲ್ಲೇ ಲಕ್ಷ್ಮೀನರಸಿಂಹನ ಗುಡಿಯಿದೆ, ನರಸಿಂಹನಿಗಾಗಿ ಯಾರೂ ನಲ್ಲಮಲೆ ಹತ್ತಬೇಕಿರಲಿಲ್ಲ. ಈ ಆಕ್ಷೇಪಕ್ಕೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಒದಗಿಸುವವಳು ದುರ್ಗದ ಅತ್ಯಂತ ಪ್ರಸಿದ್ಧ ಹೆಂಗಸು. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುತ್ತಿದ್ದಾಗ ಒನಕೆ ಹಿಡಿದು ನಿಂತ ಓಬವ್ವ ನಾಯಕರ ಕುಲದವಳಲ್ಲ, ಛಲವಾದಿ ಮನೆಯವಳು, ಕಹಳೆಯವನ ಹೆಂಡತಿ. ಅವಳ ಹೆಸರಿನಲ್ಲೂ ಅಹೋಬಲವಿದೆ. ಅವಳ ಹಿರಿಯರು ಅಹೋಬಲದಿಂದ ಬಂದವರೆಂದು ಯಾರೂ ಹೇಳುವುದಿಲ್ಲ. ದೊರೆಯ ಮನೆಯ ದೇವರು ಕಾವಲಿನವರ ಮನೆಗೆ, ಅಲ್ಲಿಂದ ಸೀಮೆಗೆಲ್ಲ ಹಬ್ಬಿದ. ಆದ್ದರಿಂದ ಹೆಸರೊಂದನ್ನೇ ಹಿಡಿದುಕೊಂಡು ಇಂದಿನ ಯಾವುದೋ ಓಬಯ್ಯನ ಮನೆತನವನ್ನು ಆಂಧ್ರಕ್ಕೆ ಮುಟ್ಟಿಸುವುದು ತಪ್ಪು. ನನ್ನ ವಾದಕ್ಕೆ ಇಲ್ಲೊಂದು ಗಡಿ ಬೀಳುತ್ತದೆ. ಗಡಿಯ ಈಚೆಗೆ ಉಳಿಯುವುದು ಭಾಷೆ. ದೇವರನ್ನು ಗುರುಗಳು ತರಬಹುದು, ಒಲೆಯ ಮುಂದಿನ ಮಾತನ್ನು ತರಲಾರರು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸಬೇಡರ ಎಷ್ಟೋ ಹಟ್ಟಿಗಳಲ್ಲಿ ಮನೆಮಾತು ಇಂದಿಗೂ ತೆಲುಗು. ದೇವರ ಎತ್ತುಗಳ ಮಂದೆ, ಅವನ್ನು ಕಾಯುವ ಕಿಲಾರಿ, ಕಂಪಳದ ಲೆಕ್ಕ, ಗಾದ್ರಿ ಪಾಲನಾಯಕನಂಥ ಸಾಂಸ್ಕೃತಿಕ ವೀರರ ಕಥನಗಳು ಎಲ್ಲವೂ ದನಗಾಹಿ ವಲಸೆಯ ನೆನಪುಗಳೇ. ದೊರೆತನ ಸಿಗದೆ ಮಂದೆಯ ಜೊತೆಗೇ ಉಳಿದ ಈ ಸೋದರ ಗುಂಪುಗಳು ಯಾವ ಹೊಸ ಸರ್ಕಾರದೆದುರೂ ಹಿರಿತನ ಸಾಧಿಸಬೇಕಿರಲಿಲ್ಲ. ಅವರ ನೆನಪೂ ಮೂಡಲ ಸೀಮೆಯ ಕಡೆಗೇ ಬೊಟ್ಟು ಮಾಡುವಾಗ ಕಾಮಗೇತಿಗಳ ಮಾತಿಗೆ ಹೊರಗಿನ ಸಾಕ್ಷಿ ಸಿಕ್ಕಂತಾಯಿತು.

ಬಂದವರ ಕಥೆ ಹೇಳುವಾಗ ಇದ್ದವರನ್ನು ಮರೆಯುವುದು ಎಲ್ಲ ವಲಸೆಯ ಚರಿತ್ರೆಗಳ ಚಾಳಿ. ಮೇಫ್ಲವರಿನವರು ಇಳಿದ ಜಾಗ ಪಟುಕ್ಸೆಟ್ ಎಂಬ ಊರಾಗಿತ್ತು, ಅಲ್ಲಿನ ಮೂಲನಿವಾಸಿಗಳು ರೋಗಕ್ಕೆ ತುತ್ತಾಗಿ ಊರು ಹಾಳುಬಿದ್ದಿತ್ತು. ಕಾಮಗೇತಿಗಳು ಬಂದಾಗ ಹೊಳಲ್ಕೆರೆ ಹಾಳೂರಲ್ಲ, ತುಂಬಿದ ಊರು. ಹೊಳಲು ಎಂದರೆ ಹಳಗನ್ನಡದಲ್ಲಿ ಪಟ್ಟಣ; ಪಟ್ಟಣದ ಕೆರೆ ಹೊಳಲ್ಕೆರೆ. ಊರಿನ ಹೆಸರು ಅಚ್ಚಗನ್ನಡದ್ದು, ಬಂದ ನಾಯಕನ ಮನೆದೇವರು ತೆಲುಗು ಸೀಮೆಯವನು. ದುರ್ಗಕ್ಕೂ ಹೊಯ್ಸಳರ ಕಾಲದಲ್ಲಿ ಬೆಮ್ಮತ್ತನಕಲ್ಲು ಎಂಬ ಹೆಸರಿತ್ತು. ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮ ಕೆರೆಯ ಕೆಲಸದ ಬಗ್ಗೆ ಶಾಸನ ಹಾಕಿಸಿ ಹೋಗಿ ಸಾವಿರ ವರ್ಷ ಮೀರಿತ್ತು. ಬೆಟ್ಟದ ಮೇಲಿನ ಹಿಡಿಂಬೇಶ್ವರ, ಸಿದ್ಧೇಶ್ವರ, ಏಕನಾಥೇಶ್ವರಿಯರು ನಾಯಕರಿಗಾಗಿ ಕಾದು ಕೂತವರಲ್ಲ. ನಾಯಕರೇ ಬಂದು ಅವರಿಗೆ ನಡೆದುಕೊಂಡರು.  1903ರಲ್ಲಿ ಅಚ್ಚಾದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ ಹೊಳಲ್ಕೆರೆಯ ಶಾಸನಗಳಿಗೇ ಒಂದು ವಿಭಾಗವಿದೆ. ಅದರ ಪುಟ ತಿರುಗಿಸಿದರೆ ನಾಯಕರು ಈ ಸೀಮೆಯ ಕಥೆಯಲ್ಲಿ ಎಷ್ಟು ತಡವಾಗಿ ಬಂದವರು ಎಂಬುದು ಗೊತ್ತಾಗುತ್ತದೆ.

ತಡವಾಗಿ ಬಂದವರು ಬೇಗ ಹೋದರು ಕೂಡ. 1779ರಲ್ಲಿ ಹೈದರಾಲಿ ದುರ್ಗವನ್ನು ಹಿಡಿದ, ಕೊನೆಯ ಮದಕರಿ ನಾಯಕ ಕುಟುಂಬಸಮೇತ ಶ್ರೀರಂಗಪಟ್ಟಣದ ಸೆರೆಗೆ ಹೋದ. ನಾಯಕನೊಬ್ಬನನ್ನು ಹಿಡಿದರೆ ಸಾಲದು, ಅವನಿಗಾಗಿ ಪ್ರಾಣ ಕೊಡುವ ಬೇಡರ ಪಡೆಯನ್ನೇ ಚದುರಿಸಬೇಕೆಂದು ಹೈದರನಿಗೆ ತಿಳಿದಿತ್ತು. ಸೀಮೆಯ 20,000 ಜನರನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದ ಎಂದು ಮೈಸೂರಿನ ಇತಿಹಾಸಕಾರರಾದ ವಿಲ್ಕ್ಸ್, ರೈಸ್ ಇಬ್ಬರೂ ಬರೆಯುತ್ತಾರೆ. ಅವರಲ್ಲಿ ವಯಸ್ಸಿಗೆ ಬಂದ ಹುಡುಗರನ್ನು ಮತಾಂತರಿಸಿ ಚೇಲಾ ಎಂಬ ಹೆಸರಿನ ಸೇನಾ ಪಡೆಗೆ ಸೇರಿಸಲಾಯಿತು. ಆ ಹುಡುಗರಿಗೆ ಹೊಸ ಹೆಸರು ಬಂತು. ದಾರಿಯ ಲೆಕ್ಕ ಇಟ್ಟಿದ್ದ ತಿಮ್ಮ, ಓಬ, ರಂಗ ಎಂಬ ಹೆಸರುಗಳು ಅವರ ಮಟ್ಟಿಗೆ ಅಲ್ಲಿಗೇ ನಿಂತವು. ಅವರ ವಂಶದವರು ಮಂಡ್ಯ, ಮೈಸೂರುಗಳಲ್ಲಿ ಎಲ್ಲಿಯಾದರೂ ಇದ್ದರೆ ಹೊಳಲ್ಕೆರೆಯ ಹೆಸರನ್ನೂ ಕೇಳಿರಲಾರರು. ಮೆಕೆಂಜಿಯ ಜನ ಕಾಗದ ಹಿಡಿದು ಬರುವ ಹೊತ್ತಿಗೆ ನೆನಪಿಟ್ಟಿರಬೇಕಾದವರಲ್ಲಿ ಬಹಳ ಮಂದಿ ಊರಲ್ಲೇ ಇರಲಿಲ್ಲ. ಕೈಫಿಯತ್ತಿನ ತಾರೀಖುಗಳು ಜಾರಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಊಹೆ.

ಇನ್ನು ಗುಲ್ಯಪ್ಪ ನಾಯಕನ ಮಾತಿಗೆ ಬರೋಣ. 1475 ಸರಿಯೆಂದೇ ಇಟ್ಟುಕೊಂಡರೆ ಅವನ ಭಾವ ದುರ್ಗದ ತಿಮ್ಮಣ್ಣನಲ್ಲ, ಅದೇ ಹೆಸರಿನ ಹಿರಿಯನೊಬ್ಬ. ಹಾಗಾದಲ್ಲಿ ಕೋಟೆ ಕೈಸೇರುವುದಕ್ಕೆ ಸುಮಾರು ನೂರು ವರ್ಷ ಮುಂಚೆಯೇ ಈ ವಂಶಕ್ಕೆ ಹೊಳಲ್ಕೆರೆಯಲ್ಲಿ ನಂಟರಿದ್ದರು, ಅದೂ ಆಳೆತ್ತರ ಮೀರಿದ ಗಣಪತಿಯನ್ನು ಕಡೆಸಿ ಕೂರಿಸುವಷ್ಟು ಅನುಕೂಲಸ್ಥ ನಂಟರು. ವಿಜಯನಗರದ ಅರಸರು ಮುಂದೆ ತಿಮ್ಮಣ್ಣನಿಗೆ ಮೊಟ್ಟಮೊದಲು ಹೊಳಲ್ಕೆರೆಯ ನಾಯಕತನವನ್ನೇ ಏಕೆ ಕೊಟ್ಟರು ಎಂಬುದಕ್ಕೂ ಆಗ ಸಮಾಧಾನ ಸಿಗುತ್ತದೆ: ಬೀಗತನ ಮೊದಲು, ನಾಯಕತನ ಆಮೇಲೆ. ನನಗೆ ಈ ಓದು ಹೆಚ್ಚು ಹಿಡಿಸುತ್ತದೆ, ಆದರೆ ಇದು ಓದು ಮಾತ್ರ, ಶಾಸನವಲ್ಲ. ತಾರೀಖು ಒಂದು ಸುತ್ತು ಜಾರಿ, ಭಾವ 1568ರ ತಿಮ್ಮಣ್ಣನೇ ಆಗಿದ್ದರೂ ನಂಟಿನ ಜಾಗ ಹೊಳಲ್ಕೆರೆಯೇ. ಎರಡು ಲೆಕ್ಕದಲ್ಲೂ ಅಲುಗದೆ ನಿಲ್ಲುವುದು ‘ಬಾಮೈದ’ ಎಂಬ ಒಂದು ಮಾತು. ಬಾಮೈದ ಎಂದರೆ ಹೆಂಡತಿಯ ತಮ್ಮ. ಗುಲ್ಯಪ್ಪನಿಗೆ ಒಬ್ಬ ಅಕ್ಕ ಇದ್ದಳು, ಅವಳನ್ನು ತಿಮ್ಮಣ್ಣನಿಗೆ ಕೊಟ್ಟಿದ್ದರು. ತಿರುಪತಿಯ ಕಡೆಯಿಂದ ನಡೆದು ಬಂದ ಕುಲವನ್ನು ಈ ಬಯಲಿಗೆ ಗಂಟು ಹಾಕಿದವಳು ಅವಳು. ಬ್ರಾಡ್‌ಫರ್ಡನ ಪಟ್ಟಿಯಲ್ಲಿ ಥಾಮಸ್ ಟಿಂಕರ್ ಎಂಬಾತನ ಮುಂದೆ ‘ಅವನ ಹೆಂಡತಿ, ಒಬ್ಬ ಮಗ’ ಎಂದಷ್ಟೇ ಇದೆ, ಹೆಸರಿಲ್ಲ. ಆ ಮೊದಲ ಚಳಿಗಾಲದಲ್ಲೇ ಮೂವರೂ ತೀರಿಕೊಂಡರು. ಹೊಳಲ್ಕೆರೆಯಲ್ಲಿ ಅಷ್ಟು ಸಾಲು ಕೂಡ ಇಲ್ಲ. ಅಕ್ಕನ ಸುಳಿವು ಇರುವುದು ಅವಳ ತಮ್ಮನನ್ನು ಊರು ಇಂದಿಗೂ ಯಾವ ನಂಟಿನಿಂದ ಗುರುತಿಸುತ್ತದೋ ಆ ನಂಟಿನ ಮಾತಿನೊಳಗೆ.